ಒಂದು ವರ್ಷದ ಕ್ರಿಯಾಯೋಜನೆ, ಒಂದು ಎಲೆ ಊಟ

ಹಲ್ಲು ಕಿತ್ತ ಹಾವು ಎಂದು ಜನ ನಮ್ಮ ಸಮಿತಿಯನ್ನು ಆಡಿಕೊಂಡರು. ಇದು ಅನ್ಯಾಯದ ಮಾತು. ನಾಲ್ವರು ಸದಸ್ಯರಿಗೂ ಹಲ್ಲುಗಳಿದ್ದವು. ಅಧ್ಯಕ್ಷರವಂತೂ ಅದೇ ವರ್ಷ ಹಾಸನದಲ್ಲಿ ಕಟ್ಟಿಸಿಕೊಂಡು ಬಂದ ಹೊಸ ಸೆಟ್ಟು. ಅವನ್ನು ನಾವು ಯಾವ ಕೆಲಸಕ್ಕೆ ಬಳಸಿದೆವು ಎಂಬುದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಪೊಲೀಸರು ಮಾಡಿದ್ದನ್ನು ಊರಿನವರೂ ಒಂದಿಷ್ಟು ಕೇಳುವಂತಿರಬೇಕು, ಠಾಣೆಯ ಬಾಗಿಲೊಳಗೆ ಏನು ನಡೆಯಿತೆಂದು ಸಾಮಾನ್ಯ ಜನರ ಪರವಾಗಿ ನಾಲ್ಕು ಮಂದಿ ವಿಚಾರಿಸಬೇಕು ಎಂಬ ಘನ ಉದ್ದೇಶದಿಂದ ಮೇಲಿನವರು ನಮ್ಮನ್ನು ನೇಮಿಸಿದ್ದರು. ಅರಸೀಕೆರೆ, ಬೇಲೂರು, ಹಳೇಬೀಡು ಮೂರಕ್ಕೂ ಸೇರಿ ಒಂದೇ ಸಮಿತಿ. ಅಧ್ಯಕ್ಷರು ಜಾವಗಲ್ ಕಡೆಯ ತೆಂಗಿನ ತೋಟದ ಯಜಮಾನರು. ಕಾರ್ಯದರ್ಶಿಗಳು ಬೇಲೂರಿನವರು, ಮನೆತನ ದೇವಸ್ಥಾನದ ಸೇವೆಯದು, ತಾವು ಮಾತ್ರ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೂರನೆಯವರು ಅರಸೀಕೆರೆಯ ವಕೀಲರು. ನಾಲ್ಕನೆಯವಳು ನಾನು, ಹೈಸ್ಕೂಲಿನ ಹೆಡ್‌ಮಿಸ್ಸಾಗಿ ಮೂರು ಊರಿನ ಮಕ್ಕಳನ್ನು ಗದರಿಸಿ ವಿಶ್ರಾಂತಿಗೆ ಬಂದವಳು. ನನ್ನ ಯಾವ ಯೋಗ್ಯತೆಯನ್ನು ಕಂಡು ಆರಿಸಿದರೋ ಎಂದು ಬೀಗುತ್ತಾ ಆದೇಶವನ್ನು ಓದಿದೆ. ‘ಮಹಿಳಾ ಸದಸ್ಯರು: ಒಂದು’ ಎಂದಿತ್ತು. ಆ ಒಂದು ನಾನು.

ಮೊದಲ ಸಭೆ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ ನಡೆಯಿತು. ಸರ್ಕಾರ ಕೊಠಡಿ ಕೊಡುವ ತನಕ ಇರಲಿ ಎಂದು ಅಧ್ಯಕ್ಷರು ಪರಿಚಯದವರಿಂದ ಕೊಡಿಸಿದ ಜಾಗ. ಜ್ಯೇಷ್ಠ ಮಾಸದ ಕೊನೆ. ಕೆಳಗೆ ಕೊಬ್ಬರಿ ಚೀಲ ತೂಗುವ ಸದ್ದು, ಮೇಲೆ ಆಲೂಗಡ್ಡೆ ಬೋಂಡ, ಕಾಫಿ. ವಿಷಯ ಒಂದೇ: ಸಮಿತಿಯ ಒಂದು ವರ್ಷದ ಕ್ರಿಯಾಯೋಜನೆ.

ವಕೀಲರು ನಿಯಮಗಳನ್ನು ಓದಿ ಹೇಳಿದರು. ನಾಲ್ವರಲ್ಲಿ ಮೂವರು ಹಾಜರಿದ್ದರೆ ಕಲಾಪ ನಡೆಸಬಹುದು. ಘಟನೆ ನಡೆದು ಆರು ತಿಂಗಳೊಳಗೆ ವಿಚಾರಣೆ ಆರಂಭವಾಗದಿದ್ದರೆ ಆ ದೂರು ತಾನಾಗಿಯೇ ಸತ್ತಂತೆ. ಈ ಎರಡು ಮಾತು ಓದುಗರ ನೆನಪಿನಲ್ಲಿ ಇರಲಿ. ಸಮಿತಿಯ ನೆನಪಿನಲ್ಲಿ ಉಳಿಯಲಿಲ್ಲ.

ದೂರು ಆಗಲೇ ಒಂದು ಬಂದಿತ್ತು. ದೂರು ಕೊಟ್ಟವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಹೇಳಿದ ಮೇಲೆ ಒಳಗೆ ಕರೆಸಿದರು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು, ಮೂವತ್ತೈದರ ಆಸುಪಾಸಿನ ಹೆಂಗಸು. ಕುರ್ಚಿ ತೋರಿಸಿದರೆ ಕುಳಿತುಕೊಳ್ಳಲಿಲ್ಲ.

ಅವಳ ಗಂಡ ಬಸ್ತಿಹಳ್ಳಿಯ ಬಸದಿಗಳಿಗೆ ಬಂದವರನ್ನು ಕರೆದುಕೊಂಡು ಹೋಗಿ ತೋರಿಸುವವನು. ಬಿಲ್ಲೆ ಕಟ್ಟಿಕೊಂಡ ಗೈಡಲ್ಲ. ಊರಿನವನು, ಅಪ್ಪ ಹೇಳುತ್ತಿದ್ದುದನ್ನು ಕೇಳಿ ಕಲಿತವನು. ನುಣುಪು ಕಂಬದ ಮುಂದೆ ಜನರನ್ನು ನಿಲ್ಲಿಸಿ, ಕಲ್ಲಿನಲ್ಲಿ ಅವರ ಮುಖವನ್ನು ಅವರಿಗೇ ತೋರಿಸಿ ಅವರು ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದ. ಆ ವರ್ಷ ಯುಗಾದಿಯ ಮರುದಿನ, ಊರೆಲ್ಲ ಹೊಸತೊಡಕಿನ ಬಾಡೂಟದಲ್ಲಿದ್ದಾಗ, ಕಾರಿನಲ್ಲಿ ಬಂದ ಒಂದು ಕುಟುಂಬದ ಕೈಚೀಲ ಕಾಣೆಯಾಯಿತು. ಜೊತೆಯಲ್ಲಿದ್ದವನು ಇವನು. ಠಾಣೆಯ ಸಾಹೇಬರು ಬಂದು ಕರೆದುಕೊಂಡು ಹೋದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ನಮ್ಮ ಸುತ್ತಿನದೇ ಒಂದು. ಸಾಹೇಬರು ಇವನ ಎಡಗೆನ್ನೆಗೆ ಬಾರಿಸಿದರು, ಮತ್ತೆ ಮತ್ತೆ ಬಾರಿಸಿದರು, ಮಾರನೆಯ ದಿನವೂ ಬಾರಿಸಿದರು. ಅಷ್ಟು ಹೊತ್ತಿಗೆ ಕೈಚೀಲ ಆ ಕುಟುಂಬದ ಕಾರಿನ ಸೀಟಿನ ಕೆಳಗೇ ಸಿಕ್ಕಿತು. ಸಾಹೇಬರು ಇವನಿಗೆ ‘ಹೋಗು’ ಎಂದರು. ಇವನು ಬಂದ. ಎಡಗಿವಿ ಬರಲಿಲ್ಲ.

ಪ್ರವಾಸಿಗಳು ಒಂದು ಕೇಳಿದರೆ ಇವನು ಇನ್ನೊಂದು ಹೇಳುವಂತಾಯಿತು. ಅದನ್ನಾದರೂ ಸಹಿಸಬಹುದಿತ್ತು. ಗೇಟಿನ ಹತ್ತಿರ ಎಳನೀರು ಮಾರುವವರು, ಆಟೋದವರು, ‘ಠಾಣೆಗೆ ಹೋಗಿ ಬಂದೋನು, ಬ್ಯಾಗ್ ಹುಷಾರು’ ಎಂದು ಬಂದವರಿಗೆ ಹೇಳತೊಡಗಿದರು. ಕೈಚೀಲ ಸಿಕ್ಕಿದ ಸುದ್ದಿ ಅದನ್ನು ಕಳೆದುಕೊಂಡವರ ಜೊತೆ ಕಾರಿನಲ್ಲಿ ಹೊರಟುಹೋಗಿತ್ತು. ಊರಿಗೆ ಉಳಿದದ್ದು ಇವನನ್ನು ಜೀಪಿಗೆ ಹತ್ತಿಸಿದ ನೋಟ ಮಾತ್ರ.

“ದುಡ್ಡು ಕೇಳಕ್ಕೆ ಬಂದಿಲ್ಲ ಸೋಮಿ,” ಎಂದಳು. “ಕಿವಿ ವಾಪಸ್ ಕೊಡಿ ಅಂತಾನೂ ಕೇಳಕಿಲ್ಲ. ಇವ್ನು ಕಳ್ಳ ಅಲ್ಲ ಅಂತ ಆವಯ್ಯನ ಬಾಯಲ್ಲಿ ನಾಕು ಜನದ ಮುಂದೆ ಅನ್ನಿಸ್ರಿ. ಅಷ್ಟೇಯ.”

ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು. ಅವರು ಮನಸ್ಸಿಟ್ಟು ಕೇಳುವಾಗಲೂ ಕಣ್ಣು ಮುಚ್ಚುತ್ತಿದ್ದರು, ನಿದ್ದೆ ಮಾಡುವಾಗಲೂ ಮುಚ್ಚುತ್ತಿದ್ದರು, ವ್ಯತ್ಯಾಸ ತಿಳಿಯುತ್ತಿರಲಿಲ್ಲ. “ಆಯ್ತಮ್ಮ, ಬರಕಂಡಿದೀವಿ,” ಎಂದರು. “ಹೊರಗೆ ಕೂತ್ಕಂಡು ಕಾಫಿ ಕುಡಿ. ದಿನ ಗೊತ್ತು ಮಾಡಿ ಹೇಳ್ತೀವಿ.”

ದಿನ ಗೊತ್ತು ಮಾಡುವ ಕಾರ್ಯವು ಆಗ ಆರಂಭವಾಯಿತು. ಕಾರ್ಯದರ್ಶಿಗಳು ಚೀಲದಿಂದ ಪಂಚಾಂಗವನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ಕಲಾಪದ ನಿಯಮಾವಳಿ ಎಂದುಕೊಂಡೆ. ಒಂದರ್ಥದಲ್ಲಿ ಅದೇ ಆಗಿತ್ತು.

ಸಮಿತಿಯ ಉದ್ಘಾಟನೆ ಆಗದೆ ವಿಚಾರಣೆ ಹೇಗೆ ಎಂಬುದು ಅವರ ಮೊದಲ ಪ್ರಶ್ನೆ. ಬರುವ ವಾರ ಆಷಾಢ; ಆಷಾಢದಲ್ಲಿ ಹೊಸದೇನನ್ನೂ ಆರಂಭಿಸುವಂತಿಲ್ಲ. ಶ್ರಾವಣ ಪ್ರಶಸ್ತ, ಆದರೆ ಸೋಮವಾರ, ಶುಕ್ರವಾರ, ಶನಿವಾರ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಪೂಜೆ, ಮಂಗಳವಾರ ತಾನಾಗಿಯೇ ಬೇಡ. ಉಳಿದ ದಿನಗಳಲ್ಲಿ ಅಧ್ಯಕ್ಷರ ಬಂಧುಗಳ ಪೈಕಿ ಮದುವೆಗಳು. ಭಾದ್ರಪದದ ಮೊದಲರ್ಧ ಗಣಪತಿ. ಬೀದಿಗೊಂದು ಗಣಪತಿ ಕೂರಿಸಿ ಬಿಡುವವರೆಗೆ ಪೊಲೀಸರಿಗೆ ಬಂದೋಬಸ್ತು, ಸಾಹೇಬರು ವಿಚಾರಣೆಗೆ ಬರಲು ಬಿಡುವಿರುವುದಿಲ್ಲ. ದ್ವಿತೀಯಾರ್ಧ ಪಿತೃಪಕ್ಷ, ಆ ಮಾತೇ ಇಲ್ಲ. ಆಮೇಲೆ ನವರಾತ್ರಿ. ಹೀಗೆ ಕಳೆ ಕೀಳುವಂತೆ ತಿಂಗಳುಗಳನ್ನು ಕಿತ್ತು ಕಿತ್ತು ಬದಿಗಿಟ್ಟು, ಕೊನೆಗೆ ಬೆರಳಿಟ್ಟದ್ದು ವಿಜಯದಶಮಿಯ ಮೇಲೆ.

“ಸರ್ವಸಿದ್ಧಿ ಮುಹೂರ್ತ,” ಎಂದು ಕಾರ್ಯದರ್ಶಿಗಳು ಕನ್ನಡಕ ತೆಗೆದರು.

ಉದ್ಘಾಟನೆಯೊಂದು ಕುದುರಿದ ಮೇಲೆ ಉಳಿದ ವರ್ಷ ತಾನಾಗಿಯೇ ತುಂಬಿತು. ಶಾಲಾ ಮಕ್ಕಳಿಗೆ ‘ಪೊಲೀಸರು ನಮ್ಮ ಗೆಳೆಯರು’ ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆ. ಸದಸ್ಯರಿಗೆ ಅಧ್ಯಯನ ಪ್ರವಾಸ. ಅಧ್ಯಯನ ಏನೆಂದು ನಿರ್ಧಾರವಾಗಲಿಲ್ಲ, ದಾರಿಯಲ್ಲಿ ಯಾವ ದೇವಸ್ಥಾನಗಳು ಸಿಗುತ್ತವೆ ಎಂಬುದು ನಿರ್ಧಾರವಾಯಿತು. ಠಾಣೆಗಳಿಗೆ ಹಠಾತ್ ಭೇಟಿ. ತಿಂಗಳಿಗೊಂದರಂತೆ ದಿನಾಂಕ ಹಾಕಿ, ಅಚ್ಚು ಮಾಡಿಸಿ, ಠಾಣೆಗಳಿಗೆ ಮುಂಚಿತವಾಗಿ ಕಳಿಸತಕ್ಕದ್ದು. ಗೊತ್ತುಪಡಿಸಿ ಹೋಗುವ ಭೇಟಿ ಹಠಾತ್ ಹೇಗಾಗುತ್ತದೆ ಎಂದು ನಾನು ಕೇಳಿದೆ.

ಅಧ್ಯಕ್ಷರು ಕಣ್ಣು ತೆರೆದರು. “ಹೇಳ್ದೆ ಕೇಳ್ದೆ ಒಬ್ರ ಮನೆಗೆ ನುಗ್ಗದು ಮರ್ಯಾದೆ ಅಲ್ಲ ಕಣ್ರೀ ಮೇಡಮ್ಮಾರೆ. ಅವ್ರಿಗೂ ಕಾಫಿ ತಿಂಡಿ ಅಂತ ಒಂದು ಐತಲ್ಲ.”

ವರ್ಷವೆಲ್ಲ ತುಂಬಿತು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಉದ್ಘಾಟನೆಯ ದಿನದ ಪ್ರಾರ್ಥನೆ ಮತ್ತು ಆರತಿ ತಟ್ಟೆ. ದೂರಿಗೆ ಮಾತ್ರ ಜಾಗವಿರಲಿಲ್ಲ.

ಯುಗಾದಿಯ ಮರುದಿನದಿಂದ ಆರು ತಿಂಗಳು ಎಣಿಸಿ ಎಂದೆ. ವಕೀಲರು ಬೆರಳು ಮಡಿಸಿದರು. ಗಡುವು ಆಯುಧಪೂಜೆಯ ಹೊತ್ತಿಗೆ ಮುಗಿಯುತ್ತಿತ್ತು, ನಮ್ಮ ಸರ್ವಸಿದ್ಧಿ ಮುಹೂರ್ತಕ್ಕಿಂತ ಮೊದಲೇ. ಅಧ್ಯಕ್ಷರು ಉಳಿದಿದ್ದ ಬೋಂಡದ ಕಡೆ ನೋಡಿದರು. ಆ ನೋಟದಲ್ಲಿ ಪಶ್ಚಾತ್ತಾಪವಿತ್ತು ಎಂದು ಬರೆದರೆ ಸುಳ್ಳಾಗುತ್ತದೆ; ಇದ್ದದ್ದು ನಿರಾಳ.

ನನಗೆ ಆಗ ಒಂದು ಹೊಳೆಯಿತು. ಪಿತೃಪಕ್ಷದಲ್ಲಿಯೇ ಯಾಕಾಗಬಾರದು? ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಸಭಾಭವನಗಳೆಲ್ಲ ಖಾಲಿ, ಗಣ್ಯರೆಲ್ಲ ಖಾಲಿ, ಬಂದೋಬಸ್ತಿಲ್ಲದೆ ಪೊಲೀಸರೂ ಖಾಲಿ. ಇಡೀ ವರ್ಷದಲ್ಲಿ ಯಾರೂ ಕೈಯಿಡದ ಹದಿನೈದು ದಿನ. ಉದ್ಘಾಟನೆ ಯಾವಾಗ ಬೇಕಾದರೂ ಮಾಡಿಕೊಳ್ಳಿ, ವಿಚಾರಣೆ ಆಗ ನಡೆಸಿ ಎಂದೆ.

ಕಾರ್ಯದರ್ಶಿಗಳು ಪಂಚಾಂಗವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು, ನಾನಾಡಿದ ಮಾತು ಅದಕ್ಕೆ ಕೇಳಿಸಬಾರದೆಂಬಂತೆ. “ಅಲ್ಲಾ ಮೇಡಂ, ಆ ಹದಿನೈದು ದಿನ ತೀರಿಕೊಂಡೋರದ್ದು.”

“ಬದುಕಿರೋರಿಗೆ ನೀವು ಒಂದು ದಿನಾನೂ ಉಳಿಸಿಲ್ಲವಲ್ಲ,” ಎಂದೆ.

ಬಾಗಿಲ ಆಚೆಯಿಂದ ಅವಳ ದನಿ ಬಂತು. ಅಷ್ಟು ಹೊತ್ತೂ ಎಲ್ಲ ಕೇಳಿಸಿಕೊಂಡಿದ್ದಳು. “ನಮ್ಗೆ ಯಾವ ಪಕ್ಸ ಆದ್ರೂ ಆಯ್ತದೆ ಬುಡ್ರಿ. ಅವ್ನಿಗೆ ಒಡೆವಾಗ ಯಾರೂ ಪಂಚಾಂಗ ನೋಡ್ಲಿಲ್ಲ.”

ವಕೀಲರಿಗೆ ನಗು ತಡೆಯಲಾಗಲಿಲ್ಲ. ನಕ್ಕ ತಪ್ಪಿಗೆ ಪರಿಹಾರವನ್ನೂ ಅವರೇ ಹುಡುಕಬೇಕಾಯಿತು: ಇದನ್ನು ವಿಚಾರಣೆ ಎನ್ನದೆ ‘ಪೂರ್ವಭಾವಿ ಕಲಾಪ’ ಎಂದು ಕರೆದರೆ ಹೊಸ ಕಾರ್ಯ ಆರಂಭಿಸಿದಂತಾಗುವುದಿಲ್ಲ, ಗಡುವಿನೊಳಗೆ ವಿಚಾರಣೆ ಆರಂಭಿಸಿದಂತೆಯೂ ಆಗುತ್ತದೆ. ಕಾರ್ಯದರ್ಶಿಗಳು, ಪಿತೃಪಕ್ಷದಲ್ಲಿ ತಮ್ಮ ತಂದೆಯವರ ಕಾರ್ಯವಿದೆ, ತಾವು ಬರುವುದಿಲ್ಲ ಎಂದರು. ಹಾಗಾದರೆ ಉಳಿದ ಮೂವರಲ್ಲಿ ಒಬ್ಬರೂ ತಪ್ಪಿಸುವಂತಿಲ್ಲ. ಅಧ್ಯಕ್ಷರೂ ವಕೀಲರೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ದಿನವನ್ನು ಗೊತ್ತು ಮಾಡಿ, ಸಾಹೇಬರಿಗೂ ತಿಳಿಸಿ, ಹಳೇಬೀಡಿನ ಒಂದು ಸಂಘದ ಸಭಾಭವನವನ್ನು ಕೇಳಿ ಇಟ್ಟುಕೊಂಡೆವು. ಗೆದ್ದೆ ಎಂದುಕೊಂಡು ಮನೆಗೆ ನಡೆದೆ.

ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಅರಸೀಕೆರೆಯ ಸಂತೆಗೆ ಬಂದಾಗಲೆಲ್ಲ ಅವಳು ನಮ್ಮ ಮನೆಯ ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ದಿನ ಏನಾರ ಬದಲಾಯ್ತಾ ಅಮ್ಮಾರೇ?”

ಇಲ್ಲಮ್ಮ ಎನ್ನುತ್ತಿದ್ದೆ.

“ಐನೋರು ಪುಸ್ತಕ ಮತ್ತೆ ತಿರುವಿಲ್ವಾ?”

ಒಮ್ಮೆ ಕಾಫಿ ಕುಡಿಯುತ್ತಾ ಅವಳು ಗಂಡನ ತಯಾರಿಯ ಬಗ್ಗೆ ಹೇಳಿದಳು. ಅವನು ಹೇಳಬೇಕಾದದ್ದನ್ನೆಲ್ಲ ಬಸದಿಯ ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದನಂತೆ. ಯಾವ ಮಾತನ್ನೂ ಬೇರೆ ರೀತಿ ಶುರುಮಾಡಲು ಅವನಿಗೆ ಬರುತ್ತಿರಲಿಲ್ಲ. ‘ಸ್ವಾಮಿ, ಇಲ್ಲಿ ಗಮನಿಸಿ’ ಎಂದು ಆರಂಭಿಸಿ, ಎಡಗಿವಿಯನ್ನು ತೋರಿಸಿ, ಯಾರು ಯಾವಾಗ ಹೊಡೆದರು ಎಂಬುದನ್ನು ಯಾವ ಅರಸ ಯಾವ ಕಾಲದಲ್ಲಿ ಕಟ್ಟಿಸಿದ ಎಂಬ ಧಾಟಿಯಲ್ಲೇ ಹೇಳುತ್ತಿದ್ದನಂತೆ. ಹೇಳುತ್ತಾ ಅವಳು ನಕ್ಕಳು. ನಾನೂ ನಕ್ಕೆ. ಆ ಇಡೀ ವರ್ಷದಲ್ಲಿ ನಾವಿಬ್ಬರೂ ಸೇರಿ ನಕ್ಕದ್ದು ಅದೊಂದೇ ಸಲ.

ಗೊತ್ತಾದ ದಿನ ಬಂತು. ನಾನು ಬೆಳಗಿನ ಬಸ್ಸಿಗೆ ಹಳೇಬೀಡು ತಲುಪಿದೆ. ಸಭಾಭವನದ ಬಾಗಿಲಲ್ಲಿ ಗಂಡ ಹೆಂಡತಿ ಕಾಯುತ್ತಿದ್ದರು. ಅವನನ್ನು ನಾನು ನೋಡಿದ್ದು ಅಂದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಣ್ಣಗಿನ ಮುಖ. ನಮಸ್ಕಾರ ಮಾಡಿ, ನನ್ನನ್ನು ಮೆಲ್ಲಗೆ ಸುತ್ತಿ ಬಂದು, ನಾನು ತನ್ನ ಬಲಗಡೆ ಇರುವಂತೆ ನಿಂತುಕೊಂಡ.

ಕುರ್ಚಿಗಳನ್ನು ನಾವೇ ಹಾಕಿದೆವು. ಸಮಿತಿಗೆ ಮೂರು, ಸಾಹೇಬರಿಗೆ ಎದುರಿಗೆ ಒಂದು, ಅವರಿಬ್ಬರಿಗೆ ಪಕ್ಕಕ್ಕೆ ಎರಡು. ನಾಲ್ಕು ಜನದ ಮುಂದೆ ಎಂದು ಅವಳು ಕೇಳಿದ್ದರಿಂದ ಎಳನೀರಿನವನನ್ನೂ ಆಟೋದ ಇಬ್ಬರನ್ನೂ ಕರೆದಿದ್ದಳು. ಅವರು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಹೇಳಿದ್ದ ಹೊತ್ತು ಮೀರಿತು. ಎಳನೀರಿನವನು ವ್ಯಾಪಾರ ಕೆಡುತ್ತದೆ ಎಂದು ಎದ್ದು ಹೋದ. ಬಾಡಿಗೆ ಬಂತೆಂದು ಆಟೋದವರು ಒಬ್ಬರ ಹಿಂದೊಬ್ಬರು ಹೋದರು. ಊಟದ ಹೊತ್ತಾಯಿತು. ವಕೀಲರಿಗೆ ಫೋನು ಮಾಡಿದೆ.

“ಇಲ್ಲೇ ಹತ್ತಿರದಲ್ಲೇ ಇದೀವಿ ಮೇಡಂ,” ಎಂದರು. ಹಿನ್ನೆಲೆಯಲ್ಲಿ ಪಾತ್ರೆಯ ಸದ್ದು. “ಸಾಹೇಬರ ಕ್ವಾರ್ಟರ್ಸ್‌ನಲ್ಲಿ ಇವತ್ತು ಪಕ್ಷ. ಅವರ ಊರಿಗೆ ಹೋಗೋಕೆ ರಜ ಸಿಗಲಿಲ್ಲವಂತೆ, ಇಲ್ಲೇ ಮಾಡಿದಾರೆ. ಬೆಳಿಗ್ಗೆ ಅಧ್ಯಕ್ಷರಿಗೂ ನನಗೂ ಫೋನ್ ಮಾಡಿ ಕರೆದರು. ಪಕ್ಷದ ಊಟಕ್ಕೆ ಕರೆದಾಗ ಬರಲ್ಲ ಅನ್ನೋಕಾಗುತ್ತಾ ಹೇಳಿ?”

ಆಗುವುದಿಲ್ಲ. ಇದನ್ನು ನಾನು ವ್ಯಂಗ್ಯಕ್ಕೆ ಬರೆಯುತ್ತಿಲ್ಲ. ನಮ್ಮ ಕಡೆ ಪಿತೃಪಕ್ಷದಲ್ಲಿ ಪ್ರತಿ ಮನೆಯೂ ತೀರಿಕೊಂಡ ಹಿರಿಯರಿಗೆ ಎಡೆಯಿಟ್ಟು, ಅವರಿಗೆ ಪ್ರಿಯವಾದುದನ್ನು ಬಡಿಸಿ, ಆಮೇಲೆ ಕರೆದವರಿಗೆಲ್ಲ ಊಟ ಹಾಕುತ್ತದೆ. ಕರೆದವನ ಮೇಲೆ ಸಿಟ್ಟಿದ್ದರೂ ಹೋಗಬೇಕು, ಯಾಕೆಂದರೆ ಕರೆಯುತ್ತಿರುವವನು ಅವನಲ್ಲ, ಅವನ ಮನೆಯ ಸತ್ತವರು. ಅವರ ಊಟವನ್ನು ಬೇಡವೆಂದರೆ ಅವರು ಹಸಿದು ಹೋಗುತ್ತಾರೆ ಎಂದು ನಂಬಿಕೆ. ಆ ಹದಿನೈದು ದಿನ ಎಲ್ಲರೂ ಖಾಲಿ ಎಂದು ಲೆಕ್ಕ ಹಾಕಿದವಳಿಗೆ, ಆ ಹದಿನೈದು ದಿನವೂ ಎಲ್ಲರೂ ಒಬ್ಬರ ಮನೆಯಲ್ಲೊಬ್ಬರು ಎಲೆಯ ಮುಂದೆ ಕುಳಿತಿರುತ್ತಾರೆ ಎಂಬುದು ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ಕಾರ್ಯ ಮನೆಯವರಷ್ಟಕ್ಕೇ ಮುಗಿಯುವಂಥದ್ದು. ಸಾಹೇಬರಿಗೆ ಹೊಳೆದಿತ್ತು. ತಾವು ಯಾರ ಪ್ರಶ್ನೆಗೆ ಉತ್ತರ ಕೊಡಬೇಕೋ ಅವರನ್ನೇ, ಉತ್ತರ ಕೊಡಬೇಕಾದ ದಿನವೇ, ತಮ್ಮ ತಂದೆಯ ಎಡೆಗೆ ಕರೆದಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಅಧ್ಯಕ್ಷರು ಇಳಿದರು, ಹೊಸ ಹಲ್ಲುಗಳ ನಡುವೆ ಕಡ್ಡಿಯಾಡಿಸುತ್ತಾ. ವಕೀಲರು ನನ್ನ ಮುಖ ನೋಡಲಿಲ್ಲ. ಅವರ ಹಿಂದೆ ಸಾಹೇಬರು. ಸಮವಸ್ತ್ರವಿಲ್ಲ, ಬಿಳಿ ಪಂಚೆ, ಹೆಗಲ ಮೇಲೆ ಟವಲು, ಹಣೆಯಲ್ಲಿ ಕುಂಕುಮ. ಎತ್ತರದ ಆಳು, ಮೆದು ಮಾತು. ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್, ಕಂಕುಳಲ್ಲಿ ಬಾಳೆಲೆ.

ಒಳಗೆ ಬಂದವರೇ ಅವನ ಪಕ್ಕ ನಿಂತು, “ಏನಪ್ಪಾ, ಚೆನ್ನಾಗಿದೀಯಾ?” ಎಂದರು. ನಿಂತದ್ದು ಎಡಗಡೆ. ಅವನಿಗೆ ಕೇಳಿಸಲಿಲ್ಲ.

ಸಾಹೇಬರು ಅದನ್ನು ಗಮನಿಸಿದರೋ ಇಲ್ಲವೋ, ಸಮಿತಿಯ ಮೇಜಿನ ಮೇಲೆಯೇ ಎಲೆ ಹಾಸಿದರು. ಅನ್ನ, ಮಾಂಸದ ಸಾರು, ವಡೆ, ಕಜ್ಜಾಯ, ಪಾಯಸ. ತಾವೇ ಬಡಿಸಿದರು. ಬಲಗೈ. ನಾನು ಆ ಕೈಯನ್ನೇ ನೋಡುತ್ತಿದ್ದೆ; ಅವಳೂ ಅದನ್ನೇ ನೋಡುತ್ತಿದ್ದಳು.

“ನಮ್ಮಪ್ಪನ ಹೆಸರಲ್ಲಿ ಇಟ್ಟ ಎಡೆ ಕಣಯ್ಯ,” ಎಂದು ಈ ಸಲ ಎದುರಿಗೇ ಬಂದು ಹೇಳಿದರು. “ನೀವು ಕಾಯ್ತಾ ಉಪವಾಸ ಕೂತಿದೀರ ಅಂದ್ರು. ನಂಗೆ ತುತ್ತು ಇಳೀಲಿಲ್ಲ. ಬಾ, ಉಣ್ಣು.”

ಅವಳು ಅಡ್ಡ ಬಂದಳು. “ಮೊದ್ಲು ಕೇಳದು ಕೇಳ್ರಿ. ಊಟ ಆಮ್ಯಾಕೆ.”

“ಅನ್ನದ ಮುಂದೆ ಏನಮ್ಮ ನಿಂದು,” ಎಂದರು ಅಧ್ಯಕ್ಷರು.

ನಾನು ಕುರ್ಚಿಯಲ್ಲಿ ಕುಳಿತೆ. ಮೂವರೂ ಇದ್ದೇವೆ, ಕಲಾಪ ಆರಂಭವಾಗಿದೆ ಎಂದೆ. ಸಾಹೇಬರ ಕಡೆ ತಿರುಗಿ, ಈತನ ಎಡಗಿವಿಗೆ ಏನಾಯಿತು, ಈತ ಕಳ್ಳನೋ ಅಲ್ಲವೋ, ಎರಡು ಮಾತು ಹೇಳಿ ಎಂದು ಕೇಳಿದೆ. ದನಿ ನಡುಗಲಿಲ್ಲ, ನನ್ನ ವೃತ್ತಿಯಿಂದ ನನಗೆ ಉಳಿದ ಆಸ್ತಿ ಆ ದನಿಯೊಂದೇ.

ಸಾಹೇಬರು ಕೈ ಮುಗಿದರು. “ಇವತ್ತು ಬೇಡಿ ಮೇಡಂ. ನಮ್ಮಪ್ಪ ಎಲೆ ಮುಂದೆ ಕೂತಿದಾರೆ.”

ಅಧ್ಯಕ್ಷರು ತಲೆ ತಗ್ಗಿಸಿದರು. ವಕೀಲರು ತಲೆ ತಗ್ಗಿಸಿದರು. ಇಬ್ಬರೂ ನನ್ನನ್ನು ಬಿಟ್ಟು ಇಡೀ ಕೋಣೆಯನ್ನು ಗೌರವದಿಂದ ನೋಡಿದರು. ಅಲ್ಲಿ ಸಾಹೇಬರ ತಂದೆಯವರು ನಿಜವಾಗಿ ಬಂದು ಕುಳಿತಿದ್ದರೆ, ಬಾರದಿದ್ದ ನಾಲ್ಕನೆಯ ಸದಸ್ಯರ ಜಾಗ ಖಾಲಿ ಇತ್ತು. ಅವರನ್ನಾದರೂ ಕೂರಿಸಿಕೊಂಡು ಕೇಳಬಹುದಿತ್ತು.

ಅವನು ಎಲೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳು ತಲೆಯಾಡಿಸಿದಳು, ಬೇಡ ಎಂದು. ಅವನು ಹೊರಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು ಎಲೆಯ ಮುಂದೆ ಕುಳಿತ. ಉಂಡ. ಒಂದು ಅಗುಳೂ ಬಿಡದೆ, ತಲೆಯೆತ್ತದೆ ಉಂಡ. ಸಾಹೇಬರು ಪಾಯಸವನ್ನು ಎರಡನೆಯ ಸಲ ಬಡಿಸಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಹಾಕಿದ ಎಲೆ ಹಾಗೆಯೇ ಉಳಿಯಿತು. ಮಾಂಸ ತಿನ್ನದ ನನಗಾಗಿ ಬೇರೆ ಅಡುಗೆಯನ್ನೇ ಮಾಡಿಸಿ ತಂದಿದ್ದರಂತೆ. ಹೊಟ್ಟೆ ಸರಿಯಿಲ್ಲ ಎಂದೆ.

ಉಂಡು ಕೈತೊಳೆದು ಬಂದ ಮೇಲೆ ಅಧ್ಯಕ್ಷರು, “ಈಗ ಹೇಳಪ್ಪ, ಏನು ಹೇಳ್ಬೇಕು ಅಂತ ಬಂದಿದ್ಯೋ,” ಎಂದರು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಮನುಷ್ಯ. ಬಾಯಿ ತೆರೆದ. ‘ಸ್ವಾಮಿ, ಇಲ್ಲಿ ಗಮನಿಸಿ’ ಬರಲಿಲ್ಲ. ಉಂಡವರು ಆ ದಿನ ಹೇಳಬೇಕಾದದ್ದು ಬಂತು.

“ನಿಮ್ಮಪ್ಪಾರಿಗೆ ಒಳ್ಳೇದಾಗ್ಲಿ ಸೋಮಿ.”

ಸಾಹೇಬರ ಕಣ್ಣು ಒದ್ದೆಯಾಯಿತು. ಅದು ನಟನೆಯಲ್ಲ ಎಂದು ಈಗಲೂ ಅಂದುಕೊಂಡಿದ್ದೇನೆ. ತಂದೆಯನ್ನು ಕಳೆದುಕೊಂಡ ಮಗನಿಗೆ ಅಳು ಬರುವುದಕ್ಕೂ ಅದೇ ಮಗ ಇನ್ನೊಬ್ಬನ ಕಿವಿ ಒಡೆಯುವುದಕ್ಕೂ ಯಾವ ವಿರೋಧವೂ ಇಲ್ಲ. ಕ್ಯಾರಿಯರನ್ನು ಮುಚ್ಚಿಕೊಂಡು ಹೋದರು.

ಕಾರ್ಯದರ್ಶಿಗಳು ಅಂದು ಬಂದಿರಲಿಲ್ಲವಾದರೂ ನಡಾವಳಿಯನ್ನು ಅವರೇ ಬರೆದರು, ಬಲು ಸೊಗಸಾಗಿ. ‘ಉಭಯತ್ರರೂ ಸಮಿತಿಯ ಸಮಕ್ಷಮದಲ್ಲಿ ಸಹಭೋಜನ ಮಾಡಿ, ಪರಸ್ಪರ ಶುಭ ಕೋರಿದ್ದರಿಂದ ದೂರು ಸೌಹಾರ್ದಯುತವಾಗಿ ಇತ್ಯರ್ಥಗೊಂಡಿದೆ.’ ಸಹಭೋಜನ ಎಲ್ಲಿ ನಡೆಯಿತು ಎಂದು ಕೇಳಿದೆ. ಅವರು ಉಂಡದ್ದು ಅಲ್ಲಿ, ಇವನು ಉಂಡದ್ದು ಇಲ್ಲಿ, ಅಡುಗೆ ಒಂದೇ ಎಂದರು. ಇದಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಬರೆಯಿರಿ ಎಂದೆ. ಬರೆದರು. ‘ಮಹಿಳಾ ಸದಸ್ಯರು ಅನಾರೋಗ್ಯದ ನಿಮಿತ್ತ ಭೋಜನದಲ್ಲಿ ಪಾಲ್ಗೊಂಡಿರುವುದಿಲ್ಲ.’

ಆಯುಧಪೂಜೆ ಬಂತು. ಸಮಿತಿಯನ್ನು ಠಾಣೆಗೆ ಪೂಜೆಗೆ ಕರೆದರು. ಬಂದೂಕು, ಬೇಡಿ, ಜೀಪು, ಲಾಠಿ ಎಲ್ಲಕ್ಕೂ ಸೇವಂತಿಗೆ ಹೂವು, ಅರಿಸಿನ ಕುಂಕುಮ. ಜೀಪಿನ ಮುಂದೆ ಬೂದುಗುಂಬಳ ಒಡೆದರು. ಆ ಹೊತ್ತಿಗೆ ಆರು ತಿಂಗಳ ಗಡುವೂ ಸದ್ದಿಲ್ಲದೆ ಕಳೆದುಹೋಯಿತು. ವಿಜಯದಶಮಿಯಂದು ಉದ್ಘಾಟನೆ. ಗಣ್ಯರು ದೀಪ ಹಚ್ಚಿದರು. ಸಹಕಾರಕ್ಕಾಗಿ ಸಾಹೇಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾರ್ಥನೆಯನ್ನು ನಾನು ಹೇಳಲಿಲ್ಲ; ಗಂಟಲು ಕಟ್ಟಿದೆ ಎಂದು ತಿಳಿಸಿದ್ದೆ. ವರದಿ ಓದಿದ ಕಾರ್ಯದರ್ಶಿಗಳು, ಉದ್ಘಾಟನೆಗೂ ಮುನ್ನವೇ ಬಂದ ದೂರುಗಳನ್ನೆಲ್ಲ ಇತ್ಯರ್ಥ ಮಾಡಿದ ಸಮಿತಿ ನಮ್ಮದೊಂದೇ ಇರಬೇಕು ಎಂದಾಗ ಚಪ್ಪಾಳೆ ಬಿತ್ತು. ಅಂದೇ ಅಂಗೀಕಾರವಾದ ಕ್ರಿಯಾಯೋಜನೆಯಲ್ಲಿ ಪ್ರಬಂಧ ಸ್ಪರ್ಧೆ, ಪ್ರವಾಸ, ಹಠಾತ್ ಭೇಟಿಗಳ ಕೆಳಗೆ ಹೊಸದೊಂದು ಕಾರ್ಯಕ್ರಮ ಸೇರಿತ್ತು: ಪ್ರತಿ ವರ್ಷ ಪಿತೃಪಕ್ಷದಲ್ಲಿ ಪೊಲೀಸರು ಮತ್ತು ನಾಗರಿಕರ ಸೌಹಾರ್ದ ಭೋಜನ. ಸಲಹೆ ಮಹಿಳಾ ಸದಸ್ಯರದು ಎಂದು ನನ್ನ ಹೆಸರಿಗೆ ದಾಖಲಿಸಿದ್ದರು.

ರಾಜೀನಾಮೆ ಕೊಡುತ್ತೇನೆ ಎಂದೆ. ಕಾರ್ಯದರ್ಶಿಗಳು ಯೋಚಿಸಿ, ರಾಜೀನಾಮೆಗೆ ಆಷಾಢವಾದರೂ ದೋಷವಿಲ್ಲ, ಆಗ ನೋಡೋಣ ಎಂದರು.

ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇತ್ತು. ರಾಜಿಯಾಗಿದೆ ಎಂದು ನಾವು ಬರೆದದ್ದು ಸುಳ್ಳು ಎಂದು ಏಟು ತಿಂದವನೇ ಬರೆದುಕೊಟ್ಟರೆ, ಹಾಸನದಲ್ಲಿ ನಮ್ಮ ಮೇಲಿನವರು ಗಡುವನ್ನು ನೋಡದೆ ಮತ್ತೆ ತೆಗೆದುಕೊಳ್ಳಬಹುದು ಎಂದು ವಕೀಲರು ಹೇಳಿದ್ದರು. ಫೋನಿನಲ್ಲಿ ಹೇಳಿದರು, ತಮ್ಮ ಹೆಸರು ಬೇಡ ಎಂದೂ ಹೇಳಿದರು. ನಾನು ಬಸ್ತಿಹಳ್ಳಿಗೆ ಹೋದೆ.

ಇಬ್ಬರೂ ಬಸದಿಯ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದರು. ಈಗ ಆರಂಭದ ಮಾತೂ ಕಂಬ ತೋರಿಸುವುದೂ ಅವನದು, ಉಳಿದ ಮಾತು ಅವಳದು. ಪ್ರವಾಸಿಗಳ ಪ್ರಶ್ನೆಯನ್ನು ಅವಳು ಕೇಳಿಸಿಕೊಂಡು, ಅವನಿಂದ ಕಲಿತ ಉತ್ತರವನ್ನು ಹೇಳುತ್ತಿದ್ದಳು. ಬಂದ ವಿಷಯವನ್ನು ಹೇಳಿದೆ. ಅವಳು ಕೂಡಲೇ ಕೈ ಚಾಚಿದಳು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಎಂದು. ಏಟು ತಿಂದವನ ಸಹಿಯೇ ಬೇಕಿತ್ತು.

ಅವನು ಬಲಗಿವಿಯನ್ನು ನನ್ನ ಕಡೆಗೆ ತಂದು ಎರಡು ಸಲ ಹೇಳಿಸಿಕೊಂಡ. ಆಮೇಲೆ ತಲೆಯಾಡಿಸಿದ.

“ಉಂಡಿದ್ದು ದಿಟ ಅಲ್ವಾ ಅಮ್ಮಾರೇ. ಇಲ್ಲ ಅಂತ ಹೆಂಗೆ ಬರೀಲಿ?”

ಉಂಡಿಲ್ಲ ಎಂದು ಬರೆಯುವುದು ಬೇಡ ಎಂದೆ. ಊಟ ಬೇರೆ, ದೂರು ಬೇರೆ. ರಾಜಿಯಾಗಿಲ್ಲ ಎಂದಷ್ಟೇ ಬರೆದರೆ ಸಾಕು. ಮಕ್ಕಳಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಸತ್ತೋರ ಎಡೆ ಅದು,” ಎಂದ. “ಉಂಡು, ಒಳ್ಳೇದಾಗ್ಲಿ ಅಂತ ಬಾಯಿಬುಟ್ಟು ಅಂದಿದೀನಿ. ಈಗ ಅವ್ರ ಮಗನ ಮ್ಯಾಲೆ ಬರದ್ರೆ, ಅವತ್ತು ಉಂಡಿದ್ದು ಕದ್ದು ಉಂಡಂಗೆ ಆಯ್ತದೆ. ಆಗ ನಾನು ಕಳ್ಳನೇ ಅಲ್ವಾ?”

“ನಿಂಗೆ ಒಡೆವಾಗ ಆವಯ್ಯ ಇಷ್ಟೆಲ್ಲಾ ಯೋಚ್ನೆ ಮಾಡಿದ್ನಾ?” ಎಂದಳು ಅವಳು. ಅವನ ಎಡಗಡೆ ಕುಳಿತಿದ್ದಳು. ಅವನು ತಿರುಗಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ಒಂದು ಕೂಸು. ಅವನು ಅಂಗಿ ಕೊಡವಿಕೊಂಡು ಎದ್ದು ಹೋದ. ಗೇಟಿನಲ್ಲಿ ಎಳನೀರಿನವನು ಆ ಹೆಂಗಸಿಗೆ ಏನೋ ಹೇಳಿದ. ಅವಳು ಇವನನ್ನೊಮ್ಮೆ ನೋಡಿ, ಹೆಗಲಲ್ಲಿದ್ದ ಚೀಲವನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇವನು ಅದನ್ನು ನೋಡಿದ. ನೋಡಿಯೂ ಕೈ ಮುಂದೆ ಮಾಡಿ ದಾರಿ ತೋರಿಸಿದ.

“ಸ್ವಾಮಿ,” ಎನ್ನುವುದು ನಮಗೆ ಕೇಳಿಸಿತು, “ಇಲ್ಲಿ ಗಮನಿಸಿ.”